ಬೆಲ್ಟಿನ ಸದ್ದಿಗೆ ಕಿವಿಗೊಟ್ಟವರು

ಸಿಂಚನಾ, ಶಶಾಂಕ,

ಮೊನ್ನೆ ನೀವಿಬ್ಬರೂ ಚಕ್ಕುಲಿ ಸಿಗುತ್ತದೆಂದು ಆ ನಗ್ಗಿದ ಸ್ಟೀಲ್ ಡಬ್ಬಿ ತೆಗೆದಿರಿ. ಒಳಗೆ ಚಕ್ಕುಲಿ ಇರಲಿಲ್ಲ, ಬೆರಳುದ್ದದ ಮೂರು ಕಬ್ಬಿಣದ ತುಂಡುಗಳಿದ್ದವು. "ಇದೇನಜ್ಜಿ?" ಎಂದು ಕೇಳಿದಿರಿ. ನಿಮ್ಮಪ್ಪ ನಡುಮನೆಯಲ್ಲೇ ಕೂತಿದ್ದ. ನಾನು ಏನೂ ಹೇಳದೆ ಡಬ್ಬಿ ಮುಚ್ಚಿಟ್ಟೆ.

ಬಾಯಿಬಿಟ್ಟು ಹೇಳುವುದು ನನಗೆ ಮೊದಲಿನಿಂದಲೂ ಕಷ್ಟ. ಊರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದೆ. ಮೇಷ್ಟ್ರ ಪ್ರಶ್ನೆಗೆ ಉತ್ತರ ಗೊತ್ತಿದ್ದರೂ ಎದ್ದು ನಿಲ್ಲುತ್ತಿರಲಿಲ್ಲ, ಸ್ಲೇಟಿನಲ್ಲಿ ಬರೆದು ಪಕ್ಕದವಳಿಗೆ ತೋರಿಸುತ್ತಿದ್ದೆ. ಈಗಲೂ ಹಾಗೇ. ಬರೆದುಕೊಡುತ್ತೇನೆ, ಓದಿಕೊಳ್ಳಿ.

ಆ ತುಂಡುಗಳ ವಿಷಯ ಹೇಳಬೇಕಾದರೆ ಮೊದಲು ಒಬ್ಬರ ವಿಷಯ ಹೇಳಬೇಕು. ಅವರು ತೀರಿಕೊಂಡು ಮೂರು ತಿಂಗಳಾಯಿತು. ಅವರ ಹೆಸರು ಬರೆಯುವುದಿಲ್ಲ. ಇದ್ದಾಗಲೂ ನಾನು ಅವರ ಹೆಸರು ಹಿಡಿದು ಕರೆದವಳಲ್ಲ. ನಿಮ್ಮಜ್ಜ "ಸಾಹೇಬ್ರೇ" ಎಂದು ಚುಚ್ಚಿ ಕರೆಯುತ್ತಿದ್ದರು. ನಾನು ಯಾವ ಹೆಸರಿನಿಂದಲೂ ಕರೆಯದೆ, ಅವರು ತಿರುಗಿ ನೋಡುವ ತನಕ ಕಾಯುತ್ತಿದ್ದೆ.

ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಅವರು ಖಲಾಸಿಯಾಗಿದ್ದರು. ಕ್ರೇನು ಎತ್ತಬೇಕಾದ ಭಾರಕ್ಕೆ ಸರಪಳಿ, ಉಕ್ಕಿನ ಹಗ್ಗ ಬಿಗಿಯುವ ಕೆಲಸ ಅದು. ರಿಟೈರ್ ಆದಮೇಲೆ ಹಳದಿ ಬೋರ್ಡಿನ ಒಂದು ಚಿಕ್ಕ ಕಾರು ಇಟ್ಟುಕೊಂಡು ಬಾಡಿಗೆಗೆ ಓಡಿಸುತ್ತಿದ್ದರು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ. ಕುಳ್ಳಗಿನ ಆಳು, ಅಂಗೈ ಮಾತ್ರ ಆರಡಿ ಆಳಿನದು. ಕಾರ್ಖಾನೆಯ ಗದ್ದಲಕ್ಕೆ ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿಯೊಂದರಲ್ಲೇ ಸಂಸಾರ, ವ್ಯವಹಾರ, ಕಾರು ಎಲ್ಲವನ್ನೂ ನಡೆಸುತ್ತಿದ್ದರು.

ನಿಮ್ಮಜ್ಜನ ಕಿಡ್ನಿ ಕೆಟ್ಟು ವಾರಕ್ಕೆರಡು ಸಲ ಡಯಾಲಿಸಿಸ್ ಮಾಡಿಸಬೇಕಾಯಿತು. ಭದ್ರಾವತಿಯಲ್ಲಿ ಜಾಗ ಸಿಗಲಿಲ್ಲ, ಶಿವಮೊಗ್ಗದ ಆಸ್ಪತ್ರೆಯಲ್ಲಿ ಬೆಳಗ್ಗೆ ಎಂಟರ ಸರದಿ ಸಿಕ್ಕಿತು. ನಿಮ್ಮಪ್ಪ ಅಮ್ಮ ಆಗಲೇ ಅದೇ ಊರಿನ ಗೋಪಾಳದಲ್ಲಿದ್ದರು. ನಾವು ಭದ್ರಾವತಿಯಲ್ಲಿ. ಮಗನ ಮನೆಗೆ ಬಂದಿರಿ ಎಂದರೆ ನಿಮ್ಮಜ್ಜ ಕೇಳಲಿಲ್ಲ. ಹಾಗಾಗಿ ಸೋಮವಾರ, ಗುರುವಾರ ಏಳು ಗಂಟೆಗೆ ಸರಿಯಾಗಿ ಆ ಹಳದಿ ಬೋರ್ಡಿನ ಕಾರು ನಮ್ಮ ಮನೆ ಮುಂದೆ ನಿಲ್ಲುತ್ತಿತ್ತು. ನಿಲ್ಲುವುದೇನೋ ಏಳಕ್ಕೇ. ಹೊರಡುವುದು ಮಾತ್ರ ನಮ್ಮ ಬೆಲ್ಟು ಅವರ ಮನಸ್ಸಿಗೆ ಸರಿಬಂದ ಮೇಲೆ.

ಮೊದಲ ದಿನವೇ ಜಗಳ. ನಿಮ್ಮಜ್ಜ ಮುಂದೆ ಕೂತು ಬೆಲ್ಟನ್ನು ಜೋರಾಗಿ ಎಳೆದರು. ಅದು ಅಲ್ಲೇ ಹಿಡಿದುಕೊಂಡಿತು. ಮತ್ತೆ ಎಳೆದರು, ಮತ್ತೆ ಹಿಡಿಯಿತು.

"ಕೆಟ್ಟೋಗಿದೆ ಕಣ್ರೀ ಇದು. ಬಿಡಿ ಮಾರಾಯ್ರೆ, ಹೋಗೋಣ."

"ಕೆಟ್ಟಿಲ್ಲ ಸಾರ್. ಮೆತ್ತಗೆ ಎಳೀರಿ. ಜಗ್ಗಿದ್ರೆ ಹಿಡ್ಕೊಳ್ಳೋದೇ ಅದರ ಕೆಲಸ."

ಮೆತ್ತಗೆ ಎಳೆದು ಹಾಕಿಕೊಂಡದ್ದಾಯಿತು. ಡ್ರೈವರ್ ಸೀಟಿನಿಂದ ಇವರು ತಿರುಗಿ ನೋಡಿದರು. "ಹೊಟ್ಟೆ ಮೇಲೆ ಹೋಗಿದೆ. ಕೆಳಗೆ ಮಾಡಿ."

"ಎಷ್ಟು ಕೆಳಗೆ?"

"ತೊಡೆ ಶುರುವಾಗೋ ಜಾಗ. ಸೊಂಟದ ಮೂಳೆ ಮೇಲೆ ಕೂರ್ಬೇಕು. ಹೊಟ್ಟೆ ಮೆತ್ತಗೆ, ಮೂಳೆ ಗಟ್ಟಿ. ಭಾರಾನ ಯಾವತ್ತೂ ಗಟ್ಟಿ ಜಾಗದಲ್ಲಿ ಕಟ್ಟೋದು."

"ನಾನೇನು ನಿಮ್ಮ ಕ್ರೇನ್ ಎತ್ತೋ ಕಬ್ಬಿಣವೇನ್ರೀ?"

"ಕಬ್ಬಿಣ ಆಗಿದ್ರೆ ಇಷ್ಟು ಹೇಳ್ತಿರ್ಲಿಲ್ಲ ಸಾರ್. ಬಿದ್ರೆ ಅದಕ್ಕೇನೂ ಆಗಲ್ಲ."

ಆಮೇಲೆ ಬೆಲ್ಟಿನಲ್ಲಿ ತಿರುವು ಇದೆ ಎಂದರು, ಬಿಡಿಸಬೇಕಾಯಿತು. ಹೆಗಲ ಮೇಲಿನ ಪಟ್ಟಿ ಕುತ್ತಿಗೆಗೆ ತಾಗುತ್ತಿದೆ ಎಂದು, ಬಾಗಿಲ ಪಕ್ಕದ ಕಂಬದ ಮೇಲಿನ ಗುಂಡಿ ಒತ್ತಿ ಅದನ್ನು ಒಂದು ಮೆಟ್ಟಿಲು ಇಳಿಸಿದರು. ಚಳಿಗೆಂದು ಹೊದ್ದ ದಪ್ಪ ಶಾಲು ತೆಗೆಸಿ, ಬೆಲ್ಟು ಹಾಕಿದ ಮೇಲೆ ಅದರ ಮೇಲಿಂದ ಹೊದಿಸಿದರು. ಕೊನೆಗೆ ಎದೆಯ ಪಟ್ಟಿಯನ್ನು ಮೇಲಕ್ಕೊಮ್ಮೆ ಎಳೆದು ಸಡಿಲ ತೆಗೆದರು. "ಸಡಿಲ ಬಿಟ್ಟ ಸರಪಳಿ ಭಾರ ತಡೆಯಲ್ಲ ಸಾರ್, ಜಗ್ಗುತ್ತೆ. ಹಿಡ್ಕೊಳ್ಳೋದೇ ಬೇರೆ, ಜಗ್ಗೋದೇ ಬೇರೆ." ಅಷ್ಟರಲ್ಲಿ ಏಳೂ ಹತ್ತು. ನಿಮ್ಮಜ್ಜನ ಮುಖ ಕೆಂಪಗಾಗಿತ್ತು. ಹಿಂದೆ ಕೂತ ನನಗೆ, ಈ ಮನುಷ್ಯನನ್ನು ನಾಳೆಯೇ ಬಿಟ್ಟು ಬೇರೆ ಕಾರು ನೋಡಬೇಕು ಎನ್ನಿಸಿತು.

ನನ್ನ ಕಷ್ಟ ಬೇರೆಯದು. ಹಿಂದೆ ಕೂತವರಿಗೂ ಬೆಲ್ಟು ಎಂದು ನಾನು ಅದುವರೆಗೆ ಕೇಳಿಯೇ ಇರಲಿಲ್ಲ. ಎದೆಯ ಅಡ್ಡಕ್ಕೆ ಆ ಪಟ್ಟಿ ಹಾಯಿಸಿಕೊಂಡು ಪರಪುರುಷರ ಮುಂದೆ ಕೂರುವುದೆಂದರೆ ಹಿಂಸೆ. ಸೆರಗು ಮುದುಡುತ್ತದೆ, ಸೀರೆ ಎಲ್ಲೆಲ್ಲೋ ಹಿಡಿಯುತ್ತದೆ. ಅದಕ್ಕೆ ನಾನು ಬೆಲ್ಟು ಹಾಕಿ, ಹೆಗಲ ಪಟ್ಟಿಯನ್ನು ಮೆಲ್ಲಗೆ ತೋಳು ಎತ್ತಿ ಕಂಕುಳ ಕೆಳಗೆ ಸೇರಿಸಿದೆ. ಅವರು ನನ್ನ ಕಡೆ ನೋಡಲೇ ಇಲ್ಲ. ಮುಖವನ್ನು ತಮ್ಮ ಬಲಗಡೆಯ ಕಿಟಕಿಗೆ ತಿರುಗಿಸಿ, ಎದುರು ಮನೆಯ ಗೇಟು ನೋಡುತ್ತ ಕೂತಿದ್ದರು. ಎಷ್ಟು ಉದಾಸೀನ ಎಂದುಕೊಂಡೆ.

"ಅಮ್ಮಾ, ಕಂಕುಳ ಕೆಳಗೆ ಹೋಗಿದೆ. ಹೆಗಲ ಮೇಲೆ ಹಾಕ್ಕೊಳ್ಳಿ." ಮುಖ ತಿರುಗಿಸದೆಯೇ ಹೇಳಿದರು.

ನನಗೆ ನಾಚಿಕೆಯಲ್ಲಿ ಮೈ ಬಿಸಿಯಾಯಿತು. ಕನ್ನಡಿಯಲ್ಲಿ ನೋಡಿರಬೇಕು ಎಂದು ಸಿಟ್ಟೂ ಬಂತು. ಮುಂದಿನ ಸಲ ಕನ್ನಡಿ ಕಾಣದ ಮೂಲೆಯಲ್ಲಿ ಕೂತು ಹಾಗೆಯೇ ಮಾಡಿದೆ. ಆಗಲೂ ಅದೇ ಮಾತು. ಎಷ್ಟೋ ವಾರ ಕಳೆದ ಮೇಲೆ ನಿಮ್ಮಜ್ಜ ಕೇಳಿದರು, "ನಿಮಗೆ ಬೆನ್ನಲ್ಲಿ ಕಣ್ಣಿದೆಯೇನ್ರೀ?"

"ಕಿವಿ ಸಾರ್. ಟಕ್ ಅಂದ ಮೇಲೆ ಬೆಲ್ಟು ಒಂದ್ಸಲ ಸರ್ರ್ ಅಂತ ಒಳಗೆ ಹೋಗ್ಬೇಕು. ತೋಳು ಎತ್ತಿದ್ರೆ ಆ ಸದ್ದು ಎರಡು ಸಲ ಬರುತ್ತೆ." ಹಾಗೇ ಸೇರಿಸಿದರು, "ಹೆಣ್ಮಕ್ಕಳು ಬೆಲ್ಟು ಹಾಕ್ಕೊಳ್ಳೋವಾಗ ತಿರುಗಿ ನೋಡೋದು ಸರಿ ಅಲ್ಲ."

ಕಿಟಕಿಗೆ ಮುಖ ಮಾಡಿದರೆ ಅವರ ಬಲಗಿವಿ ನೇರ ಹಿಂದಿನ ಸೀಟಿಗೆ ಬರುತ್ತಿತ್ತು. ನಾನು ಅದನ್ನು ಉದಾಸೀನ ಎಂದುಕೊಂಡಿದ್ದೆ.

ಹಾಗೆಂದು ಸಿಟ್ಟು ಕಡಿಮೆಯಾಯಿತು ಎಂದು ತಿಳಿಯಬೇಡಿ. ಆ ಒಂದೇ ಕಿವಿಯ ಕಾಟ ನನಗೂ ನಿಮ್ಮಜ್ಜನಿಗೂ ಸಾಕಾಗಿತ್ತು. ಹೊರಗೆ ಲಾರಿ ಹೋದರೆ, ಪಕ್ಕದ ಮನೆಯಲ್ಲಿ ಮಿಕ್ಸಿ ತಿರುಗಿದರೆ, "ಕೇಳಿಸ್ಲಿಲ್ಲ, ಇನ್ನೊಂದ್ಸಲ" ಎನ್ನುವರು. ಬಿಚ್ಚಿ ಮತ್ತೆ ಹಾಕಬೇಕು. ಡಯಾಲಿಸಿಸ್ ಮುಗಿಸಿ ಸುಸ್ತಾಗಿ ಬಂದ ನಿಮ್ಮಜ್ಜ ಸೀಟು ಹಿಂದಕ್ಕೆ ಮಲಗಿಸಲು ಹೋದರೆ ಅದಕ್ಕೂ ಬಿಡುತ್ತಿರಲಿಲ್ಲ. "ಪೂರ್ತಿ ಮಲಗಿದ್ರೆ ಬೆಲ್ಟಿನ ಕೆಳಗಿಂದ ಜಾರಿ ಹೋಗ್ತೀರ ಸಾರ್. ಸ್ವಲ್ಪ ಒರಗಿ, ಸಾಕು." ಡಿಕ್ಕಿಯಲ್ಲಿ ಕೆಂಪು ಬಟ್ಟೆಯ ಒಂದು ಮಕ್ಕಳ ಸೀಟು ಸದಾ ಬಿದ್ದಿರುತ್ತಿತ್ತು. ಯಾರಾದರೂ ಮಗು ಕರೆದುಕೊಂಡು ಬಾಡಿಗೆಗೆ ಬಂದರೆ ಅದರ ಮೇಲೆ ಎತ್ತರಕ್ಕೆ ಕೂರಿಸಿಯೇ ಬೆಲ್ಟು ಹಾಕುತ್ತಿದ್ದರು. ಇಲ್ಲದಿದ್ದರೆ ಪಟ್ಟಿ ಮಗುವಿನ ಕುತ್ತಿಗೆಗೆ ಬರುತ್ತದಂತೆ. ಅದರಿಂದಾಗಿ ನಮ್ಮ ಚೀಲಕ್ಕೆ ಜಾಗವಿಲ್ಲ. ಊಟದ ಡಬ್ಬಿಯನ್ನು ನಾನು ಪ್ರತಿಸಲವೂ ಸೀಟಿನ ಮೇಲೆ ಪಕ್ಕದಲ್ಲಿಟ್ಟುಕೊಂಡು ಗೊಣಗುತ್ತಿದ್ದೆ. ಗೊಣಗುವುದೂ ಮನಸ್ಸಿನಲ್ಲೇ.

ಒಂದು ತಿಂಗಳು ನಿಮ್ಮಜ್ಜನ ಕತ್ತಿನ ಬಲಗಡೆ ಡಯಾಲಿಸಿಸ್ ಟ್ಯೂಬು ಹಾಕಿದ್ದರು. ಬೆಲ್ಟು ಹಾಕದಿರಲು ಇದೊಂದು ಒಳ್ಳೆಯ ಕಾರಣ ಸಿಕ್ಕಿತು ಎಂದು ಅವರಿಗೆ ಒಳಗೊಳಗೇ ಖುಷಿ. ಡಾಕ್ಟರರ ಚೀಟಿ ಬೇರೆ ತರುತ್ತೇನೆ ಎಂದರು. ಇವರು ಕಾರು ಬಿಟ್ಟು ಇಳಿದು, ಈ ಕಡೆಯಿಂದ ನೋಡಿ, ಆ ಕಡೆಯಿಂದ ನೋಡಿ, "ಎಡಗಡೆ ಸೀಟಲ್ಲಿ ಪಟ್ಟಿ ಎಡ ಹೆಗಲಿಂದ ಇಳಿಯುತ್ತೆ ಸಾರ್. ಟ್ಯೂಬು ಬಲಗಡೆ. ಒಂದಕ್ಕೊಂದು ಸಂಬಂಧವೇ ಇಲ್ಲ. ಡಾಕ್ಟ್ರನ್ನೇ ಕೇಳಿ ಬನ್ನಿ ಬೇಕಾದ್ರೆ" ಎಂದರು. ಕೇಳಿದೆವು. ಡಾಕ್ಟರು ನಕ್ಕು, ತಾಗದಿದ್ದರೆ ಹಾಕಿಕೊಳ್ಳಿ ಎಂದುಬಿಟ್ಟರು.

"ನನಗೆ ಸಾಯೋಕೆ ಕಿಡ್ನಿ ಸಾಕು, ಇವರ ಕಾರು ಬೇಡ" ಎಂದು ನಿಮ್ಮಜ್ಜ ಗೊಣಗಿದರು.

"ಕಿಡ್ನಿ ವಿಷಯ ಡಾಕ್ಟ್ರು ನೋಡ್ಕೊಳ್ತಾರೆ. ಇದು ನನ್ನ ವಿಷಯ. ಹಾಕದೇ ಇರೋಕೆ ಕಾರಣ ಹುಡುಕ್ಬೇಡಿ ಸಾರ್, ಹಾಕೋಕೆ ಜಾಗ ಹುಡುಕಿ."

ನನ್ನ ಜನ್ಮದಲ್ಲಿ ನಾನು ಜೋರಾಗಿ ಮಾತಾಡಿದ್ದು ಒಂದೇ ಸಲ, ಅದೂ ಅವರ ಮೇಲೆ. ಆಯುಧಪೂಜೆಯ ದಿನ ಅವರು ಕಾರು ತೊಳೆದು ನಮ್ಮ ಮನೆ ಮುಂದೆ ತಂದರು, "ನಿಮ್ಮ ಕೈಯಲ್ಲಿ ಪೂಜೆ ಆಗಲಿ" ಎಂದು. ಗಾಲಿಗೆ ನಿಂಬೆಹಣ್ಣು ಇಟ್ಟೆ, ಸ್ಟೇರಿಂಗಿಗೆ ಹೂ ಹಾಕಿದೆ. ಅವರು ಒಳಗೆ ಕೋಸಂಬರಿ ತಿನ್ನುತ್ತಿದ್ದಾಗ ನನಗೆ ಹೊಳೆಯಿತು, ಈ ಮನುಷ್ಯನಿಗೆ ಎಲ್ಲಕ್ಕಿಂತ ದೊಡ್ಡ ಆಯುಧ ಬೆಲ್ಟೇ ಅಲ್ಲವೇ ಎಂದು. ನಾಲ್ಕೂ ಸೀಟಿನ ಬೆಲ್ಟಿನ ಲಾಕಿಗೆ ಅರಿಶಿನ ಕುಂಕುಮ ಹಚ್ಚಿ, ಭಕ್ತಿಯಿಂದ ಅಕ್ಷತೆ ಹಾಕಿದೆ. ಕಾಳು ಒಳಗೆ ಬಿದ್ದೀತು ಎಂಬ ಯೋಚನೆಯೇ ಬರಲಿಲ್ಲ.

ಮಾರನೆಯ ದಿನ ಗುರುವಾರ. ನಿಮ್ಮಜ್ಜನಿಗೆ ಹಿಂದಿನ ದಿನದಿಂದ ಉಸಿರು ಕಟ್ಟುತ್ತಿತ್ತು, ಕಾಲು ಊದಿತ್ತು. ಕೂತರು. ಬೆಲ್ಟು ಟಕ್ ಎನ್ನಲಿಲ್ಲ. ಇವರು ಇಳಿದು ಬಂದು ಹಿಂದಿನ ಎಡಗಡೆ ನೋಡಿದರು, ಇಲ್ಲ. ಬಲಗಡೆ, ಇಲ್ಲ. ತಮ್ಮದೂ ಇಲ್ಲ. ಲಾಕಿನ ಬಾಯಿಗೆ ಕಣ್ಣಿಟ್ಟು ನೋಡಿ, "ಯಾರಮ್ಮಾ ಇದಕ್ಕೆ ಅಕ್ಕಿ ಹಾಕಿದ್ದು?" ಎಂದು ಕೇಳಿದರು. ನಾನು ತಲೆ ತಗ್ಗಿಸಿದೆ. ತುರುಬಿನಿಂದ ಒಂದು ಪಿನ್ನು ಕೊಡಿ ಎಂದು ನನ್ನ ಕಡೆ ಕೈಚಾಚಿದರು. ಕೊಟ್ಟೆ. ಕೂತು ಒಂದೊಂದೇ ಕಾಳು ಕೆದಕತೊಡಗಿದರು. ಏಳೂ ಕಾಲಾಯಿತು. ಏಳೂವರೆಯಾಯಿತು. ನಿಮ್ಮಜ್ಜ ಬಾಯಲ್ಲಿ ಉಸಿರು ಎಳೆಯುತ್ತಿದ್ದರು.

"ಅವರಿಗೆ ಉಸಿರಾಡೋಕೆ ಆಗ್ತಿಲ್ಲ, ಕಣ್ಣಿಗೆ ಕಾಣಲ್ವಾ ನಿಮಗೆ? ನಿಮ್ಮ ಬೆಲ್ಟು ಹೆಚ್ಚೋ ಅವರ ಜೀವ ಹೆಚ್ಚೋ?"

ಬೀದಿಯವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಹೇಳಿಬಿಟ್ಟಿದ್ದೆ. ಅವರ ಕೈ ನಿಂತಿತು. ನಿಮ್ಮಜ್ಜನ ಬದಿಯ ಲಾಕು ಅಷ್ಟರಲ್ಲಿ ಸರಿಯಾಗಿತ್ತು, ಹಾಕಿದರು. ನನ್ನದು ಸರಿಮಾಡಿದರು. ತಮ್ಮದಕ್ಕೆ ಹೊತ್ತಿಲ್ಲವೆಂದು ಬಿಟ್ಟು, ಬೆಲ್ಟಿಲ್ಲದೆಯೇ ಹೊರಟರು. ದಾರಿಯುದ್ದಕ್ಕೂ ಕಾರು ಎತ್ತಿನಗಾಡಿಗಿಂತ ಸ್ವಲ್ಪ ಜೋರಾಗಿ ಹೋಯಿತು ಅಷ್ಟೆ. ಎಂಟೂ ಇಪ್ಪತ್ತಕ್ಕೆ ತಲುಪಿದೆವು. ನಮ್ಮ ಸರದಿ ಇನ್ನೊಬ್ಬರಿಗೆ ಹೋಗಿತ್ತು, ಹತ್ತರ ತನಕ ಆಮ್ಲಜನಕ ಹಾಕಿ ಕೂರಿಸಿದರು. ಅದಕ್ಕೆ ಕಾರಣ ನನ್ನ ಅಕ್ಷತೆ ಎಂದು ನನಗೆ ಗೊತ್ತಿತ್ತು. ಆದರೂ ಸಿಟ್ಟು ಮಾಡಿಕೊಂಡದ್ದು ಅವರ ಮೇಲೆ. ಕ್ಷಮಿಸಿ ಎನ್ನಲು ಆ ದಿನವೂ ಬಾಯಿ ಬರಲಿಲ್ಲ, ಆಮೇಲೂ ಬರಲಿಲ್ಲ.

ಡಬ್ಬಿ ನಗ್ಗಿದ್ದು ಆ ಚಳಿಗಾಲದಲ್ಲಿ. ಶಿವಮೊಗ್ಗದ ದಾರಿಯಲ್ಲಿ, ಮಾಚೇನಹಳ್ಳಿ ಹತ್ತಿರ, ಮುಂದಿನ ಲಾರಿ ಇದ್ದಕ್ಕಿದ್ದಂತೆ ನಿಂತಿತು. ಇವರು ಬ್ರೇಕು ಒತ್ತಿದರು. ಬೆಲ್ಟು ನನ್ನನ್ನು ಸೀಟಿಗೆ ಅವುಚಿ ಹಿಡಿಯಿತು. ಅಂದು ಪಟ್ಟಿ ಹೆಗಲ ಮೇಲೇ ಇತ್ತು. ನನ್ನ ಪಕ್ಕದ ಡಬ್ಬಿ ಮಾತ್ರ ಹಾರಿ, ಇಬ್ಬರ ತಲೆಗಳ ನಡುವೆ ಹೋಗಿ, ಮುಂದಿನ ಡ್ಯಾಶ್‌ಬೋರ್ಡಿಗೆ ಬಡಿದು, ಮೊಸರನ್ನ ಎಲ್ಲ ಗಾಜಿನ ಮೇಲೆ. ಲಾರಿಗೆ ಒಂದು ಮೊಳ ಉಳಿದಿತ್ತು.

"ಅದಕ್ಕೆ ಬೆಲ್ಟು ಹಾಕಿರ್ಲಿಲ್ಲ" ಎಂದು ಅವರು ಡಬ್ಬಿಯನ್ನು ಎತ್ತಿಕೊಟ್ಟರು.

ನಿಮ್ಮಜ್ಜ ಮೊದಲ ಸಲ ಅವರೊಡನೆ ನಕ್ಕರು. ಮನೆಗೆ ಬಂದು ನೋಡಿಕೊಂಡರೆ ನನ್ನ ಹೆಗಲಿನಿಂದ ಎದೆಯವರೆಗೆ ಪಟ್ಟಿಯಗಲದ ನೀಲಿ ಗುರುತು ಮೂಡಿತ್ತು. ಕಂಕುಳ ಕೆಳಗಿದ್ದಿದ್ದರೆ ಪಕ್ಕೆಲುಬಿನ ಗತಿ ಏನಾಗುತ್ತಿತ್ತೋ.

ಆ ದಿನ ಆಸ್ಪತ್ರೆಯಿಂದ ವಾಪಸು ಬರುವಾಗ ಕಾರಿನಲ್ಲಿ ಕೇಳಿದ್ದೆ. ನಾನಾಗಿಯೇ ಅವರನ್ನು ಕೇಳಿದ ಒಂದೇ ಪ್ರಶ್ನೆ ಅದು. "ನಿಮ್ಮ ಮನೇಲಿ ಯಾರಾದ್ರೂ ಆಕ್ಸಿಡೆಂಟಲ್ಲಿ ಹೋಗಿದ್ರಾ? ಇಷ್ಟು ಹಟ ಯಾಕೆ?"

"ಯಾರೂ ಹೋಗಿಲ್ಲಮ್ಮಾ. ಮೂವತ್ತೊಂದು ವರ್ಷ ಭಾರ ಕಟ್ಟಿದೆ. ನಾನು ಕಟ್ಟಿದ ಭಾರದ ಕೆಳಗೆ ಯಾರೂ ಸಾಯ್ಲಿಲ್ಲ." ಗೇರು ಬದಲಿಸಿದರು. "ರಿಟೈರ್ ಆದ ದಿನ ಹಾರ ಹಾಕಿದ್ರು, ಗಡಿಯಾರ ಕೊಟ್ರು, ಭಾಷಣ ಮಾಡಿದ್ರು. ಇದೊಂದನ್ನ ಯಾರೂ ಹೇಳ್ಲಿಲ್ಲ. ಆಗದೇ ಇದ್ದದ್ದು ಯಾರ ಕಣ್ಣಿಗೆ ಕಾಣುತ್ತೆ?"

ಅವರ ದನಿಯಲ್ಲಿ ಬೇಸರ ಇತ್ತೆಂದು ನನಗೆ ಹೊಳೆದದ್ದು ಬಹಳ ದಿನಗಳ ಮೇಲೆ. ನಮ್ಮಂಥವರು ದಿನಕ್ಕೆ ಹತ್ತು ಜನ, ಎಲ್ಲರದೂ ಅದೇ ಗೊಣಗಾಟ. ಕೆಲವರು ಅರ್ಧದಲ್ಲೇ ಇಳಿದು ಬೇರೆ ಕಾರು ಹಿಡಿದದ್ದೂ ಉಂಟಂತೆ.

ನಿಮ್ಮಜ್ಜ ಎರಡು ವರ್ಷ ಹಾಗೆ ಹೋಗಿ ಬಂದು, ಕೊನೆಗೆ ಒಂದು ಮಧ್ಯಾಹ್ನ ಮನೆಯಲ್ಲಿ ಮಲಗಿದ್ದಲ್ಲೇ ಹೋದರು. ಅದೇ ವರ್ಷ ಶಶಾಂಕ ಹುಟ್ಟಿದ. ನಾನು ಗೋಪಾಳಕ್ಕೆ ಬಂದೆ. ಅವರು ಶಿವಮೊಗ್ಗದ ಬಾಡಿಗೆ ಬಂದಾಗ ಯಾವಾಗಲಾದರೊಮ್ಮೆ ನಮ್ಮ ಗೇಟಿನ ಬಳಿ ನಿಂತು, ಒಂದು ಲೋಟ ಮಜ್ಜಿಗೆ ಕುಡಿದು ಹೋಗುತ್ತಿದ್ದರು.

ಹೋದ ವರ್ಷ ನಿಮ್ಮಪ್ಪ ಹೊಸ ಕಾರು ತಂದ. ಆ ವಾರವೇ ಸೀಟಿಗೆ ಕಂದು ಬಣ್ಣದ ಕವರು ಹೊಲಿಸಿದ. ಹಿಂದಿನ ಸೀಟಿನ ಲಾಕುಗಳನ್ನು ಅಂಗಡಿಯವನು ಕವರಿನ ಒಳಗೇ ಸೇರಿಸಿ ಹೊಲಿದುಬಿಟ್ಟ. "ಹಿಂದೆ ಯಾರೂ ಹಾಕಲ್ಲ ಸಾರ್, ನೀಟಾಗಿ ಕಾಣ್ಲಿ" ಎಂದನಂತೆ. ಮುಂದೆ ಬೆಲ್ಟು ಹಾಕದಿದ್ದರೆ ಕಾರು ಕೂಗುತ್ತದೆ. ಅದರ ಬಾಯಿ ಮುಚ್ಚಿಸಲು ಒಂದು ಕ್ಲಿಪ್ಪು ತಂದ. ಬೆಲ್ಟಿಗೆ ಇರುವಂಥದೇ ಕಬ್ಬಿಣದ ನಾಲಿಗೆ, ಆದರೆ ಬೆಲ್ಟಿಲ್ಲ. ಅದನ್ನು ಲಾಕಿಗೆ ತುರುಕಿದರೆ ಕಾರು ಬೆಲ್ಟು ಹಾಕಿದ್ದಾರೆಂದು ನಂಬಿ ಸುಮ್ಮನಾಗುತ್ತದೆ. ಸರ್ಕಲ್ಲಿನಲ್ಲಿ ಪೊಲೀಸರು ಕಂಡರೆ ನಿಮ್ಮಪ್ಪ ಬೆಲ್ಟನ್ನು ಎದೆಯ ಮೇಲೆ ಎಳೆದು ಕೈಯಲ್ಲಿ ಹಿಡಿದುಕೊಳ್ಳುತ್ತಾನೆ. ನಿಮ್ಮಮ್ಮ ಹಾಕಿಕೊಳ್ಳುತ್ತಾಳೆ, ಅದೂ ಸರ್ಕಲ್ ದಾಟುವ ತನಕ.

ಅವರು ಮಜ್ಜಿಗೆಗೆ ನಿಂತ ದಿನ ಹೊಸ ಕಾರನ್ನು ಸುತ್ತಿ ನೋಡಿದರು. ಹಿಂದಿನ ಕಿಟಕಿಗೆ ಕಣ್ಣು ಹಚ್ಚಿ, "ಲಾಕ್ ಎಲ್ಲಿ ಸಾರ್?" ಎಂದರು.

"ಒಳಗಿದೆ ಬಿಡಿ" ಎಂದು ನಿಮ್ಮಪ್ಪ ನಕ್ಕ. "ನಿಮ್ಮ ಕಾರ್ಖಾನೆ ಇನ್ನೂ ಮುಗಿದಿಲ್ವಾ?"

ಅವರು ನನ್ನ ಕಡೆ ತಿರುಗಿದರು. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ನೇರ ನೋಡದವರು ಆ ದಿನ ನೇರ ನೋಡಿದರು. ನಾನು ಏನಾದರೂ ಹೇಳುತ್ತೇನೆ ಎಂದು ಕಾದರು. ನಾನು ಲೋಟ ತೆಗೆದುಕೊಂಡು ಒಳಗೆ ಹೊರಟೆ. ಗೇಟಿನ ಹತ್ತಿರ ಮೆಲ್ಲಗೆ ಹೇಳಿದರು, "ನಿಮ್ಮ ಮಾತಾದ್ರೆ ಕೇಳ್ತಾರಮ್ಮಾ. ನಂದು ಡ್ರೈವರ್ ಮಾತು." ಅವರನ್ನು ನಾನು ನೋಡಿದ್ದು ಅದೇ ಕೊನೆ.

ಆಮೇಲೆ ತ್ಯಾವರೆಕೊಪ್ಪಕ್ಕೆ ಸಿಂಹ ನೋಡಲು ಹೋದೆವಲ್ಲ. ಶಶಾಂಕ, ನೀನು ಮುಂದಿನ ಎರಡು ಸೀಟುಗಳ ನಡುವೆ ನಿಂತಿದ್ದೆ. ರಸ್ತೆಯ ಹಂಪು ತಡವಾಗಿ ಕಂಡು ಅಪ್ಪ ಬ್ರೇಕು ಹಾಕಿದಾಗ ಸೀಟಿನ ಮೂಲೆಗೆ ನಿನ್ನ ಬಾಯಿ ಬಡಿದು, ಅಲ್ಲಾಡುತ್ತಿದ್ದ ಹಲ್ಲು ಬಿತ್ತು. ಎಲ್ಲರೂ ನಕ್ಕರು, ನೀನೂ ನಕ್ಕೆ. ರಕ್ತ ಒರೆಸಿದ ಕರ್ಚೀಫು ನನ್ನ ಕೈಯಲ್ಲಿತ್ತು. ನನಗೆ ನಗು ಬರಲಿಲ್ಲ. ಮಾತೂ ಬರಲಿಲ್ಲ. ಇಂದು ಹೇಳುತ್ತೇನೆ, ಊಟವಾದ ಮೇಲೆ ಹೇಳುತ್ತೇನೆ, ಸೊಸೆಯ ಹತ್ತಿರ ಹೇಳಿಸುತ್ತೇನೆ ಎಂದು ದಿನ ತಳ್ಳಿದೆ. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕೂರುವ ನನ್ನ ಮೇಲೆ ನನಗೇ ಎಂಥ ಸಿಟ್ಟು ಬರುತ್ತಿತ್ತೆಂದರೆ, ಅಂಥ ಸಿಟ್ಟು ಅವರ ಮೇಲೆ ಯಾವತ್ತೂ ಬಂದಿರಲಿಲ್ಲ.

ಅವರು ಹೋದ ಸುದ್ದಿ ಅವರ ಮಗಳು ಫೋನಿನಲ್ಲಿ ತಿಳಿಸಿದಳು. ಜ್ವರ ಬಂದು ನಾಲ್ಕು ದಿನ ಮಲಗಿದ್ದರಂತೆ, ಅಷ್ಟೆ. ಹದಿಮೂರನೆಯ ದಿನದ ಊಟಕ್ಕೆ ಭಾನುವಾರ ಎಲ್ಲರೂ ಭದ್ರಾವತಿಗೆ ಹೋದೆವು. ಊಟ ಮುಗಿದು ಹೊರಡುವಾಗ ಆ ಹುಡುಗಿ ಡಿಕ್ಕಿಯ ಕೆಂಪು ಸೀಟು ತಂದು ನನ್ನ ಮುಂದಿಟ್ಟಳು. "ನಮ್ಮನೇಲಿ ಮಕ್ಕಳು ದೊಡ್ಡವರಾದ್ರು. ಶಿವಮೊಗ್ಗದ ಅಮ್ಮನ ಮನೇಲಿ ಚಿಕ್ಕ ಹುಡುಗ ಇದಾನೆ, ಅವರಿಗೆ ಕೊಡು ಅಂತ ಅಪ್ಪ ಅಂದಿದ್ರು." ಬಟ್ಟೆ ಒಗೆದು ಹಾಕಿದ್ದಳು.

"ಇದೆಲ್ಲ ಯಾಕಮ್ಮ, ಜಾಗ ಬೇರೆ ಇಲ್ಲ" ಎಂದ ನಿಮ್ಮಪ್ಪ. "ಅಲ್ಲದೆ ಹಿಂದೆ ಲಾಕೇ ಇಲ್ವಲ್ಲ."

ಆ ಮಾತು ಮುಗಿದಾಗ ನನಗೇನಾಯಿತೋ. "ಒಂದು ಕತ್ತರಿ ಕೊಡ್ತೀಯೇನಮ್ಮ" ಎಂದು ಆ ಹುಡುಗಿಯನ್ನು ಕೇಳಿದೆ. ಸೂತಕ ಕಳೆದ ಮನೆಯಲ್ಲಿ ಕತ್ತರಿ ಏಕೆ ಎಂದು ಅವಳು ಕೇಳಲಿಲ್ಲ, ತಂದುಕೊಟ್ಟಳು. ನಾನು ಬೀದಿಗೆ ಹೋಗಿ, ಕಾರಿನ ಹಿಂದಿನ ಬಾಗಿಲು ತೆಗೆದು, ಸೀಟಿನ ಮೇಲೆ ಕೈಯಾಡಿಸಿದೆ. ಹುರುಳಿಕಾಯಿಯ ಒಳಗಿನ ಕಾಳಿನ ಹಾಗೆ ಕವರಿನ ಕೆಳಗೆ ಲಾಕು ಬೆರಳಿಗೆ ಸಿಕ್ಕಿತು. ಅಲ್ಲಿ ಕತ್ತರಿ ಹಾಕಿದೆ.

"ಅಮ್ಮ, ಏನ್ ಮಾಡ್ತಿದ್ದೀಯ? ಹೊಸ ಕವರ್ ಅದು."

"ಗೊತ್ತು."

"ಮನೆಗೆ ಹೋಗಿ ಬಿಚ್ಚಿಸ್ತೀನಿ, ಬಿಡು. ಜನ ನೋಡ್ತಿದಾರೆ."

"ನೋಡ್ಲಿ."

ಎರಡನೆಯದು ಕತ್ತರಿಸಿದೆ, ಮೂರನೆಯದು ಕತ್ತರಿಸಿದೆ. ಗೀರು ಅಡ್ಡಾದಿಡ್ಡಿ ಹೋಯಿತು. ನೀವಿಬ್ಬರೂ ನನ್ನನ್ನೇ ನೋಡುತ್ತ ಗೋಡೆಗೆ ಅಂಟಿಕೊಂಡು ನಿಂತಿದ್ದಿರಿ. ಮುಂದೆ ಹೋಗಿ ನಿಮ್ಮಪ್ಪನ ಲಾಕಿನಲ್ಲಿದ್ದ ಕ್ಲಿಪ್ಪು ಕಿತ್ತು ಕೈಚೀಲಕ್ಕೆ ಹಾಕಿಕೊಂಡೆ. ಡಬ್ಬಿಯಲ್ಲಿ ನೀವು ನೋಡಿದ ಮೂರರಲ್ಲಿ ಒಂದು ಅದು. ಉಳಿದೆರಡು ಆಮೇಲೆ ಬಂದವು. ಒಂದು ಕಿತ್ತರೆ ಇನ್ನೊಂದು ತರುತ್ತಾನೆ. ತರಲಿ, ಡಬ್ಬಿಯಲ್ಲಿ ಇನ್ನೂ ಜಾಗವಿದೆ.

ಶಶಾಂಕನನ್ನು ಕೆಂಪು ಸೀಟಿನ ಮೇಲೆ ಕೂರಿಸಿದೆ. ಪಟ್ಟಿ ಕುತ್ತಿಗೆ ಬಿಟ್ಟು ಹೆಗಲ ಮಧ್ಯಕ್ಕೆ ಬಂತು. ಕೆಳಗಿನದು ತೊಡೆ ಶುರುವಾಗುವ ಜಾಗಕ್ಕೆ. ಸಡಿಲ ಎಳೆದೆ. ಸಿಂಚನಾ ತಾನೇ ಹಾಕಿಕೊಂಡಳು, ನಾನು ಹಾಕಿಕೊಂಡೆ, ನಿಮ್ಮಮ್ಮನೂ ಹಾಕಿಕೊಂಡಳು. ನಾಲ್ಕು ಸಲ ಟಕ್ ಎಂದಿತು. ನಿಮ್ಮಪ್ಪ ಹಲ್ಲು ಕಚ್ಚಿ ಹಾಗೇ ಕಾರು ಹೊರಡಿಸಿದ. ಕಾರು ಕೂಗತೊಡಗಿತು. ರೇಡಿಯೋ ಜೋರು ಮಾಡಿದ, ಆದರೂ ಕೂಗು ಕೇಳುತ್ತಿತ್ತು. ಮಾರ್ಕೆಟ್ಟು ಕಳೆಯಿತು, ಇನ್ನೂ ಕೂಗುತ್ತಿತ್ತು. ಸೇತುವೆಯ ಹತ್ತಿರ ಬದಿಗೆ ನಿಲ್ಲಿಸಿ, ಯಾರ ಮುಖವನ್ನೂ ನೋಡದೆ, ಬೆಲ್ಟು ಎಳೆದು ತುರುಕಿದ. ಕೂಗು ನಿಂತಿತು. ಅದೇ ಹೊತ್ತಿಗೆ ಪಕ್ಕದಲ್ಲಿ ಒಂದು ಬಸ್ಸು ಹಾರ್ನ್ ಹೊಡೆದು ಹೋಯಿತು.

ನಾನು ಮುಖವನ್ನು ಕಿಟಕಿಗೆ ತಿರುಗಿಸಿದೆ. ಕೆಳಗೆ ಭದ್ರಾ ನದಿ ಹರಿಯುತ್ತಿತ್ತು.

"ಕೇಳಿಸ್ಲಿಲ್ಲ ಕಣೋ" ಎಂದೆ. "ಇನ್ನೊಂದ್ಸಲ."